ಕುತ್ತಿಗೆ ನೋವಿಗೆ ಔಷಧವಿಲ್ಲದ ಸೂಜಿ

ನಮ್ಮಲ್ಲಿ ಹನ್ನೆರಡು ವರ್ಷ ಕಾವಲಿಯ ಮುಂದೆ ನಿಂತ ದೋಸೆ ಭಟ್ಟರು, ಕುತ್ತಿಗೆ ತಿರುಗಿಸಲಾಗುವುದಿಲ್ಲ, ಊರಿಗೆ ಹೋಗುತ್ತೇನೆ ಎಂದಾಗ ನಾವು ನೆಪವೆಂದೇ ಎಣಿಸಿದೆವು. ಅವರು ಅಂಗಿ ಸರಿಸಿ ಹೆಗಲು ತೋರಿಸಿದರು. ಕೈಯಿಟ್ಟರೆ ಕಡಲೆಕಾಳಿನಂಥ ಗಂಟು. ಅವರಿಗೆ ಗುಣ ಕೊಟ್ಟ 'ಡ್ರೈ ನೀಡ್ಲಿಂಗ್' ಬಗ್ಗೆ ಸದಸ್ಯ ಬಾಂಧವರಿಗೆ ನಾಲ್ಕು ಮಾತು ತಿಳಿಸುತ್ತಿದ್ದೇವೆ. ಗಲ್ಲಾದಲ್ಲಿ ದಿನವಿಡೀ ತಲೆ ಬಗ್ಗಿಸಿ ಕೂರುವ ನಮಗೂ ಇದು ಬೇಕಾದದ್ದೇ.

ಹೆಗಲಿನಿಂದ ಕುತ್ತಿಗೆಗೆ ಏರುವ ಟ್ರಪೀಜಿಯಸ್ ಸ್ನಾಯು ಒಂದೇ ಭಂಗಿಯಲ್ಲಿ ದುಡಿದಾಗ ಅಲ್ಲಲ್ಲಿ ಬಿಗಿದು ಗಂಟಾಗುತ್ತದೆ. ಒತ್ತಿದರೆ ನೋವು ಕಿವಿಯ ಹಿಂದೆ, ಹಣೆಯ ಬದಿಯವರೆಗೂ ಹರಿಯುತ್ತದೆ. ತಲೆನೋವೆಂದು ಮಾತ್ರೆ ನುಂಗುವ ಕೆಲವರ ನೋವಿನ ಮೂಲ ಇಲ್ಲಿರುತ್ತದೆ. ಅಮೆರಿಕದ ಅಧ್ಯಕ್ಷ ಕೆನಡಿಯವರ ವೈದ್ಯೆಯಾಗಿದ್ದ ಜಾನೆಟ್ ಟ್ರಾವೆಲ್, ಈ 'ಟ್ರಿಗರ್ ಪಾಯಿಂಟ್'ಗಳ ಬಗ್ಗೆ ಡೇವಿಡ್ ಸೈಮನ್ಸ್ ಜತೆಗೂಡಿ 1983ರಲ್ಲಿ ದೊಡ್ಡ ಗ್ರಂಥವನ್ನೇ ಹೊರತಂದರು. ಇಂಥ ಗಂಟಿಗೆ ಮರಗಟ್ಟಿಸುವ ಔಷಧ ಚುಚ್ಚುವುದು ರೂಢಿಯಲ್ಲಿತ್ತು. ಗುಣ ಔಷಧದ್ದಲ್ಲ, ಸೂಜಿ ಸರಿಯಾದ ಜಾಗಕ್ಕೆ ತಾಗುವುದರದ್ದು ಎಂದು ಜೆಕ್ ವೈದ್ಯ ಕರೆಲ್ ಲೆವಿಟ್ 1979ರಲ್ಲಿ ಬರೆದರು.

ಸೂಜಿ ಅಕ್ಯುಪಂಕ್ಚರ್‌ನದ್ದೇ, ತೆಳುವಾದದ್ದು. ಚುಚ್ಚುವ ಜಾಗದ ಲೆಕ್ಕ ಮಾತ್ರ ಬೇರೆ. ಗಂಟಿಗೆ ತಾಗಿದಾಗ ಸ್ನಾಯು ತಟಕ್ಕನೆ ಅದುರುವುದುಂಟು. ಆಮೇಲೆ ಒಂದೆರಡು ದಿನ ಆ ಜಾಗ ನೋಯುತ್ತದೆ, ಹೆದರಬೇಕಾಗಿಲ್ಲ. ಮೊದಲ ಕೆಲವು ವಾರ ನೋವು ಇಳಿಯುತ್ತದೆ ಎನ್ನಲು ಅಧ್ಯಯನಗಳ ಆಧಾರವಿದೆ. ತಿಂಗಳುಗಳ ಮಾತಿಗೆ ಬಂದರೆ ವ್ಯಾಯಾಮ, ಮಾಲೀಸುಗಳಿಗಿಂತ ಮೇಲೆಂದು ಸಾಬೀತಾಗಿಲ್ಲ. ಆದುದರಿಂದ ಹತ್ತು ಸಿಟಿಂಗ್‌ಗೆ ಮುಂಗಡ ಕೇಳುವವರ ಹತ್ತಿರ, ವ್ಯಾಪಾರಿಗಳಾದ ನಾವು ಸ್ವಲ್ಪ ಯೋಚಿಸಿಯೇ ಹಣ ಬಿಚ್ಚಬೇಕು.

ಒಂದು ಅಪಾಯವನ್ನು ಮಾತ್ರ ಮರೆಯುವಂತಿಲ್ಲ. ಹೆಗಲಿನ ಈ ಭಾಗದ ಕೆಳಗೇ ಶ್ವಾಸಕೋಶದ ತುದಿಯಿದೆ. ಅಪರೂಪಕ್ಕೆ ಸೂಜಿ ಅಲ್ಲಿಗೆ ತಾಗಿ ಎದೆಯೊಳಗೆ ಗಾಳಿ ಸೇರಿದ್ದುಂಟು. ತರಬೇತಿ ಪಡೆದ ಫಿಸಿಯೋಥೆರಪಿಸ್ಟ್ ಅಥವಾ ವೈದ್ಯರ ಬಳಿಯೇ ಹೋಗಬೇಕು. ಹೊಸ ಸೂಜಿಯ ಪೊಟ್ಟಣ ಕಣ್ಣೆದುರೇ ಒಡೆಯಬೇಕು. ಚುಚ್ಚಿಸಿಕೊಂಡ ಮೇಲೆ ಎದೆನೋವು, ಉಸಿರುಗಟ್ಟುವಿಕೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಓಡಬೇಕು. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ಹೇಳಿಬಿಡಬೇಕು. ಕೈ ಜೋಮುಹಿಡಿದು ಬಲ ಕುಂದಿದ್ದರೆ, ಜ್ವರವಿದ್ದರೆ, ಮೊದಲು ವೈದ್ಯರ ಪರೀಕ್ಷೆ. ಕುತ್ತಿಗೆ ನೋವಿನ ಜತೆ ಎದೆ ಬಿಗಿದು ಬೆವರಿದರೆ ಅದು ಹೃದಯದ ತೊಂದರೆಯೂ ಇರಬಹುದು, ಆಗ ನೇರ ಆಸ್ಪತ್ರೆಗೇ. ಕ್ಷೌರದಂಗಡಿಯಲ್ಲಿ ಕುತ್ತಿಗೆ ಲಟಕ್ಕೆನಿಸಿಕೊಳ್ಳುವ ಅಭ್ಯಾಸವನ್ನಂತೂ ಬಿಡೋಣ. ಅದರಿಂದ ರಕ್ತನಾಳ ಸೀಳಿ ಪಾರ್ಶ್ವವಾಯು ಬಡಿದ ಉದಾಹರಣೆಗಳಿವೆ.

ನಮ್ಮ ಭಟ್ಟರಿಗೆ ಮೂರು ಸಲ ಸೂಜಿಯಾಯಿತು, ಗಂಟು ಸಡಿಲಿತು. ಆದರೆ ಅವರು ಆರಡಿ ಎತ್ತರದವರು, ನಮ್ಮ ಕಾವಲಿ ಕಟ್ಟೆ ಗಿಡ್ಡ. ಹಾಗೆಯೇ ಬಾಗಿ ನಿಂತರೆ ಗಂಟು ಮತ್ತೆ ಕಟ್ಟುತ್ತದೆ ಎಂದು ಫಿಸಿಯೋಥೆರಪಿಸ್ಟ್ ಎಚ್ಚರಿಸಿದರು. ಕಟ್ಟೆಯನ್ನು ನಾಲ್ಕು ಇಂಚು ಎತ್ತರಿಸಿದೆವು, ಗಂಟೆಗೊಮ್ಮೆ ಐದು ನಿಮಿಷ ಕಾವಲಿ ಹಿಡಿಯಲು ಇನ್ನೊಬ್ಬ ಹುಡುಗನನ್ನು ತಯಾರು ಮಾಡಿದೆವು. ಭಟ್ಟರು ಊರಿನ ಟಿಕೆಟು ರದ್ದು ಮಾಡಿಸಿದರು.