ಸಂಖ್ಯೆ ಅದೇ, ಕಂಪನಿ ಬೇರೆ: ವರ್ತಕರು ತಿಳಿದಿರಬೇಕಾದ ನಿಯಮಗಳು

ವರ್ತಕರ ಮೊಬೈಲ್ ಸಂಖ್ಯೆಯು ಅಂಗಡಿಯ ನಾಮಫಲಕವಿದ್ದಂತೆ. ಕಲಬುರಗಿಯ ತೊಗರಿಬೇಳೆ ಚೀಲದ ಮೇಲೆ, ಕಮಲಾಪುರದ ಕೆಂಪು ಬಾಳೆ ವ್ಯಾಪಾರಿಗಳ ರಸೀದಿಯಲ್ಲಿ, ಬ್ಯಾಂಕ್ ಹಾಗೂ ಜಿಎಸ್‌ಟಿ ದಾಖಲೆಗಳಲ್ಲಿ ಅದೇ ಇರುತ್ತದೆ. ಸೇವೆ ತೃಪ್ತಿಕರವಲ್ಲವೆಂದು ಅದನ್ನು ಕೈಬಿಡಬೇಕಾಗಿಲ್ಲ. ಸಂಖ್ಯೆ ಉಳಿಸಿಕೊಂಡು ಕಂಪನಿ ಬದಲಿಸುವ ಸೌಲಭ್ಯವು 2011ರ ಜನವರಿ 20ರಿಂದ ದೇಶದಾದ್ಯಂತ ಜಾರಿಯಲ್ಲಿದೆ. 2015ರ ಜುಲೈ 3ರಿಂದ ಅನ್ಯ ದೂರವಾಣಿ ವಲಯಗಳಿಗೂ ಅನ್ವಯಿಸುತ್ತದೆ.

ಮೊದಲು ಪರಿಶೀಲಿಸಬೇಕಾದುದು ಸಂಖ್ಯೆ ಯಾರ ಹೆಸರಿನಲ್ಲಿದೆ ಎಂಬುದನ್ನು. ಗುಮಾಸ್ತರ ಹೆಸರಿನಲ್ಲಿದ್ದರೆ ಬದಲಾವಣೆ ಕೋರುವ ಹಕ್ಕು ಅವರದೇ ಹೊರತು ಮಾಲೀಕರದಲ್ಲ. ಅವರು ಕೆಲಸ ಬಿಡುವ ಮುನ್ನವೇ ಅದನ್ನು ಮಾಲೀಕರ ಹೆಸರಿಗೆ ವರ್ಗಾಯಿಸಿಕೊಳ್ಳುವುದು ಲೇಸು.

ಷರತ್ತುಗಳು: ಈಗಿನ ಕಂಪನಿಯಲ್ಲಿ 90 ದಿನ ಪೂರ್ಣಗೊಂಡಿರಬೇಕು. ಪೋಸ್ಟ್‌ಪೇಯ್ಡ್ ಬಿಲ್ ಬಾಕಿ ಇರಬಾರದು. 2024ರ ಜುಲೈ 1ರಿಂದ, ಕಳೆದುಹೋದ ಅಥವಾ ಕೆಟ್ಟ ಸಿಮ್ ಬದಲಿಸಿಕೊಂಡವರು 7 ದಿನ ಕಾಯಬೇಕು.

ವಿಧಾನ: ಇಂಗ್ಲಿಷ್ ಅಕ್ಷರಗಳಲ್ಲಿ ‘ಪೋರ್ಟ್’ ಎಂದು ಬರೆದು, ಜಾಗ ಬಿಟ್ಟು, ತಮ್ಮ ಸಂಖ್ಯೆ ನಮೂದಿಸಿ 1900ಕ್ಕೆ ಸಂದೇಶ ಕಳುಹಿಸಬೇಕು. ಆಗ ಬರುವ 8 ಅಕ್ಷರಗಳ ಸಂಕೇತಕ್ಕೆ ನಮ್ಮಲ್ಲಿ 4 ದಿನ ಮಾನ್ಯತೆ. ಅದನ್ನು ಗುರುತಿನ ದಾಖಲೆಯೊಡನೆ ಹೊಸ ಕಂಪನಿಯ ಮಳಿಗೆಯಲ್ಲಿ ನೀಡಬೇಕು. ಬದಲಾವಣೆಗೆ 3 ಕೆಲಸದ ದಿನಗಳು; ಅನ್ಯ ವಲಯದ ಹಾಗೂ ಕಾರ್ಪೊರೇಟ್ ಸಂಖ್ಯೆಗಳಿಗೆ 5.

ಪ್ರಿಪೇಯ್ಡ್ ಖಾತೆಯ ಉಳಿಕೆ ಹಣ ಹೊಸ ಕಂಪನಿಗೆ ಬಾರದು. ಬದಲಾವಣೆಯ ಹೊತ್ತಿನಲ್ಲಿ ಸೇವೆ ಕೆಲಕಾಲ ಸ್ಥಗಿತಗೊಳ್ಳುವುದರಿಂದ ಜಿಎಸ್‌ಟಿ ರಿಟರ್ನ್ ಸಲ್ಲಿಕೆಯ ಕೊನೆಯ ದಿನಗಳನ್ನು ತಪ್ಪಿಸಬೇಕು. ನಗರದಲ್ಲಿ ಉತ್ತಮವಾಗಿರುವ ಸಿಗ್ನಲ್ ಕಮಲಾಪುರದ ಗೋದಾಮಿನಲ್ಲಿಯೂ ದೊರೆಯುವುದೇ ಎಂದು ಪರೀಕ್ಷಿಸಿಯೇ ನಿರ್ಧರಿಸುವುದು ಹಿತಕರ.