ಪಟ್ಟದ ಗೊಂಬೆ ಮುರಿದ ಮಗು

ಪ್ರಶ್ನೆ: ನಾವು ಮೈಸೂರಿನವರು. ನನಗೆ ಐದು ವರ್ಷದ ಮಗಳು, ಒಂದೂವರೆ ವರ್ಷದ ಮಗ. ನಮ್ಮ ಮನೆಯಲ್ಲಿ ದಸರೆಗೆ ಒಂಬತ್ತು ಮೆಟ್ಟಿಲು ಗೊಂಬೆ ಕೂರಿಸುವ ಪದ್ಧತಿ. ಎಲ್ಲವನ್ನೂ ಅತ್ತೆಯೇ ಮುಂದೆ ನಿಂತು ಮಾಡುತ್ತಿದ್ದರು. ಹೋದ ವರ್ಷ ಮಗಳು ಪಟ್ಟದ ರಾಜನನ್ನು ಎತ್ತಿಕೊಳ್ಳಲು ಹೋಗಿ ಬೀಳಿಸಿದಳು, ಗೊಂಬೆಯ ಕೈ ಮುರಿಯಿತು. ‘ಹಬ್ಬದ ಹೊತ್ತಲ್ಲಿ ಎಂಥ ಅಪಶಕುನ’ ಎಂದು ಅತ್ತೆ ಎಲ್ಲರೆದುರು ಅತ್ತುಬಿಟ್ಟರು. ಡಿಸೆಂಬರಿನಲ್ಲಿ ಅವರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆಗೆ ಆಪರೇಷನ್ ಆಯಿತು. ಈಗ ವಾಕರ್ ಹಿಡಿದು ನಡೆಯುತ್ತಾರೆ, ಆದರೂ ಒಂಬತ್ತು ಮೆಟ್ಟಿಲು ಆಗಲೇಬೇಕು ಎನ್ನುತ್ತಾರೆ. ಯಜಮಾನರು ಈ ವರ್ಷ ಬಿಟ್ಟುಬಿಡೋಣ ಎನ್ನುತ್ತಾರೆ. ನನಗೆ ಕೆಲಸವಿದೆ, ಚಿಕ್ಕವನು ಒಂದು ನಿಮಿಷ ಬಿಡುವುದಿಲ್ಲ. ಮಗಳು ಕೂಡ ‘ಗೊಂಬೆ ಬೇಡಮ್ಮ, ಅಜ್ಜಿ ಮತ್ತೆ ಬೀಳ್ತಾರೆ’ ಎಂದು ಹಟ ಹಿಡಿದಿದ್ದಾಳೆ. ಇಷ್ಟು ವರ್ಷ ನಡೆದುಬಂದದ್ದು ನನ್ನ ಕೈಯಲ್ಲಿ ನಿಂತುಹೋಗುತ್ತದೇನೋ ಎಂಬ ಯೋಚನೆಗೆ ರಾತ್ರಿ ನಿದ್ದೆ ಬರುತ್ತಿಲ್ಲ. ಹಬ್ಬಕ್ಕೆ ಇನ್ನು ಮೂರೇ ವಾರ.
— ಹೆಸರು ಬೇಡ

ಉತ್ತರ: ಅತ್ತೆಯ ಆಸೆ ಒಂದು, ಗಂಡನ ಮಾತು ಇನ್ನೊಂದು, ಸೆರಗು ಹಿಡಿದ ಇಬ್ಬರು ಮಕ್ಕಳು, ಅದರ ಮೇಲೆ ಆಫೀಸು. ಇಷ್ಟೆಲ್ಲದರ ನಡುವೆ ನಿಂತವರಿಗೆ ನಿದ್ದೆ ಕೆಡುವುದು ಸಹಜ. ನೀವು ಸೋಮಾರಿಯೂ ಅಲ್ಲ, ಸಂಪ್ರದಾಯ ಬೇಡವೆನ್ನುವ ಸೊಸೆಯೂ ಅಲ್ಲ. ಹಾಗಿದ್ದಿದ್ದರೆ ನನಗೆ ಪತ್ರ ಬರೆಯುವ ತೊಂದರೆಯನ್ನೇ ತೆಗೆದುಕೊಳ್ಳುತ್ತಿರಲಿಲ್ಲ. ಹಬ್ಬ ಹತ್ತಿರ ಬಂದಾಗ ಸಂಭ್ರಮಕ್ಕಿಂತ ಮೊದಲು ಎದೆಯಲ್ಲಿ ಭಾರ ಕೂರುವ ಅಮ್ಮಂದಿರು ಬಹಳ ಮಂದಿ ಇದ್ದಾರೆ, ಹೇಳಿಕೊಳ್ಳುವವರು ಕಡಿಮೆ.

ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಮೆಟ್ಟಿಲ ಲೆಕ್ಕವಲ್ಲ, ನಿಮ್ಮ ಮಗಳ ಮಾತು. ಅದನ್ನು ನೀವು ಹಟ ಎಂದು ಬರೆದಿದ್ದೀರಿ. ನನಗೆ ಅದರಲ್ಲಿ ಕೇಳಿಸಿದ್ದು ಭಯ.

ನಾಲ್ಕೈದು ವರ್ಷದ ಮಕ್ಕಳು ಲೋಕದ ಕಾರ್ಯಕಾರಣವನ್ನು ತಮ್ಮ ಸುತ್ತಲೇ ಹೆಣೆದುಕೊಳ್ಳುತ್ತಾರೆ. ‘ನಾನು ಕೋಪ ಮಾಡಿಕೊಂಡೆ, ಅದಕ್ಕೇ ಅಪ್ಪನಿಗೆ ಜ್ವರ ಬಂತು’ ಎಂದು ನಿಜವಾಗಿಯೂ ನಂಬಬಲ್ಲ ವಯಸ್ಸು ಅದು. ನಿಮ್ಮ ಮಗಳು ಗೊಂಬೆ ಬೀಳಿಸಿದಳು. ಅಜ್ಜಿ ಅಳುವುದನ್ನು ನೋಡಿದಳು. ಅರ್ಥವಾಗದ ಒಂದು ದೊಡ್ಡ ಪದ ಕೇಳಿದಳು. ಎರಡು ಮೂರು ತಿಂಗಳಲ್ಲಿ ಅಜ್ಜಿ ಬಿದ್ದರು, ಆಸ್ಪತ್ರೆ ಸೇರಿದರು. ಆ ಪದದ ಅರ್ಥ ಅವಳಿಗೆ ಗೊತ್ತಾದದ್ದು ಬಹುಶಃ ಆಗಲೇ. ರಾಜನ ಕೈ ಮುರಿದ ತಪ್ಪಿಗೆ ಅಜ್ಜಿಯ ಮೂಳೆ ಮುರಿಯಿತು ಎಂಬ ಹೊರೆಯನ್ನು ಇಷ್ಟು ತಿಂಗಳು ಅವಳೊಬ್ಬಳೇ ಹೊತ್ತಿರಬಹುದು. ಗೊಂಬೆ ಬೇಡ ಎನ್ನುವುದು ಅಜ್ಜಿಯನ್ನು ಕಾಪಾಡಲು ಅವಳಿಗೆ ತೋಚಿದ ದಾರಿ.

ಹಾಗಾಗಿ ಮೊದಲ ಕೆಲಸ ಅಟ್ಟದ ಪೆಟ್ಟಿಗೆ ಇಳಿಸುವುದಲ್ಲ. ಮಲಗುವ ಹೊತ್ತಿನಲ್ಲೋ ತಲೆ ಬಾಚುವಾಗಲೋ, ಅವಳು ನಿಮಗೆ ಅಂಟಿಕೊಂಡು ಕೂತ ಗಳಿಗೆಯಲ್ಲಿ, ‘ಗೊಂಬೆ ಕೂರಿಸಿದರೆ ಅಜ್ಜಿ ಬೀಳ್ತಾರೆ ಅಂತ ನಿಂಗೆ ಭಯನಾ ಪುಟ್ಟಿ?’ ಎಂದು ಕೇಳಿ. ಏನೇ ಹೇಳಿದರೂ ‘ಛೇ, ಹಾಗೆಲ್ಲ ಅನ್ಬಾರದು’ ಎಂದು ಬಾಯಿ ಮುಚ್ಚಿಸಬೇಡಿ. ಪೂರ್ತಿ ಕೇಳಿಸಿಕೊಂಡ ಮೇಲೆ ಸರಳವಾಗಿ ಹೇಳಿ: ‘ಬಚ್ಚಲಲ್ಲಿ ನೀರಿತ್ತು, ಸೋಪಿತ್ತು, ಅಜ್ಜಿ ಕಾಲು ಜಾರಿತು. ಅದಕ್ಕೂ ಗೊಂಬೆಗೂ ಸಂಬಂಧ ಇಲ್ಲ. ನೀನು ಏನೂ ಮಾಡಿಲ್ಲ.’ ಒಮ್ಮೆ ಹೇಳಿದರೆ ಸಾಲದು. ನಾಳೆ ಮತ್ತೆ ಕೇಳುತ್ತಾಳೆ, ನಾಡಿದ್ದೂ ಕೇಳುತ್ತಾಳೆ. ಪ್ರತಿ ಸಲವೂ ಅದೇ ಉತ್ತರ ಸಿಗಲಿ. ಬಚ್ಚಲಿಗೆ ಜಾರದ ಮ್ಯಾಟ್ ಹಾಕಿಸಿ, ಗೋಡೆಗೆ ಹಿಡಿ ಕೂರಿಸಿ ಅವಳಿಗೆ ತೋರಿಸಿ. ಕಾರಣ ಎಲ್ಲಿತ್ತು ಎಂಬುದು ಕಣ್ಣಿಗೇ ಕಾಣುತ್ತದೆ, ಅತ್ತೆಯವರಿಗೂ ಅನುಕೂಲ.

ಇನ್ನು ಅತ್ತೆಯವರ ವಿಷಯ. ಅವರ ಮೇಲೆ ನಿಮಗೆ ಸಿಟ್ಟಿದ್ದರೆ ಅದು ನ್ಯಾಯವೇ. ಆದರೂ ಅವರ ಜಾಗದಲ್ಲಿ ಒಮ್ಮೆ ನಿಂತು ನೋಡಿ. ಪಟ್ಟದ ಗೊಂಬೆ ಅಂಗಡಿಯಲ್ಲಿ ಇಷ್ಟಪಟ್ಟು ತಂದ ಅಲಂಕಾರದ ವಸ್ತುವಲ್ಲ. ಸಾಮಾನ್ಯವಾಗಿ ಮದುವೆಯಲ್ಲಿ ತವರಿನವರು ಕೊಟ್ಟು ಕಳಿಸಿದ ರಕ್ತಚಂದನದ ರಾಜ ರಾಣಿ ಅವು. ನಿಮ್ಮ ಅತ್ತೆಯವರದೂ ಹಾಗೆ ಬಂದದ್ದಾದರೆ ಅಂದು ಮುರಿದದ್ದು ಅವರ ಅಮ್ಮ ಕೊಟ್ಟದ್ದು. ಆ ಸಂಕಟದಲ್ಲಿ ಬಾಯಿಗೆ ಬಂದ ಮಾತು ಅದು, ಮೊಮ್ಮಗಳಿಗೆ ಶಾಪ ಹಾಕುವ ಉದ್ದೇಶ ಅವರಿಗೆ ಖಂಡಿತ ಇರಲಾರದು. ಈಗ ಒಂಬತ್ತು ಮೆಟ್ಟಿಲಿಗೆ ಪಟ್ಟು ಹಿಡಿದಿರುವುದಕ್ಕೂ ಕಾರಣ ಊಹಿಸಬಹುದು. ವಾಕರ್ ಹಿಡಿದವರಿಗೆ ತಾವು ಇನ್ನೂ ಈ ಮನೆಯ ಹಿರಿಯರು ಎಂದು ಅನ್ನಿಸಬೇಕು.

ಮಗಳು ಹೇಳಿದ್ದನ್ನು ಅವರಿಗೆ ಹೇಳಿ. ದೂರಿನಂತೆ ಬೇಡ. ‘ಅತ್ತೆ, ಮಗು ಹೀಗಂದುಕೊಂಡು ಹೆದರಿಬಿಟ್ಟಿದೆ, ನೀವೇ ಒಂದು ಮಾತು ಹೇಳಿದರೆ ನಂಬುತ್ತೆ’ ಎನ್ನಿ. ಅಜ್ಜಿಯೇ ಹತ್ತಿರ ಕೂರಿಸಿಕೊಂಡು ‘ನಾನು ಬಿದ್ದದ್ದು ನೀರಿನಿಂದ ಕಂದ, ನಿನ್ನಿಂದ ಅಲ್ಲ’ ಎಂದರೆ ಅದಕ್ಕಿರುವ ಬಲ ನಿಮ್ಮ ನೂರು ಸಮಾಧಾನಕ್ಕಿಲ್ಲ. ಆ ಮಾತು ಮುರಿದ ಗೊಂಬೆಯನ್ನು ಮುಂದಿಟ್ಟುಕೊಂಡೇ ಆಗಲಿ. ಮರದ ಕೈಯನ್ನು ಬಡಗಿ ಕೂಡಿಸಿಕೊಡುತ್ತಾರೆ. ಬಣ್ಣ ತೀಡಿ, ಹೊಸ ಜರಿ ಬಟ್ಟೆ ಉಡಿಸಿದರೆ ಗಾಯ ಕಾಣುವುದಿಲ್ಲ. ಬಟ್ಟೆಯ ತುಂಡನ್ನು ನಿಮ್ಮ ಮಗಳೇ ಆರಿಸಲಿ. ಭಿನ್ನವಾದದ್ದನ್ನು ಕೂರಿಸಬಹುದೇ ಎಂಬ ಅಳುಕು ಅತ್ತೆಯವರಿಗಿದ್ದರೆ ಮನೆಯ ಪುರೋಹಿತರನ್ನು ಕೇಳಲಿ. ಆ ಅಳುಕನ್ನು ನೀವು ವಾದ ಮಾಡಿ ಗೆಲ್ಲಲು ಹೋಗಬೇಡಿ.

ಮೆಟ್ಟಿಲು ಮೂರು ಸಾಕು. ಮೂರು, ಐದು, ಏಳು, ಒಂಬತ್ತು, ಬೆಸ ಸಂಖ್ಯೆಯಾದರೆ ಆಯಿತು ಎಂಬುದು ಅತ್ತೆಯವರಿಗೆ ನಿಮಗಿಂತ ಚೆನ್ನಾಗಿ ಗೊತ್ತು. ಸರಸ್ವತಿ ಪೂಜೆಯ ದಿನದಿಂದಷ್ಟೇ ಕೂರಿಸುವ ಮನೆಗಳೂ ಇವೆ. ಗೊಂಬೆ ಮನೆ ಯಾವ ಕಾಲಕ್ಕೂ ಒಂದೇ ಥರ ಇರಲಿಲ್ಲ. ದಶಾವತಾರದ ಪಕ್ಕಕ್ಕೆ ಕ್ರಿಕೆಟ್ ತಂಡ ಬಂದು ಕೂತಾಗ ಯಾರೂ ಮೈಲಿಗೆ ಅನ್ನಲಿಲ್ಲ. ಯಾವ ಮೂರು, ಯಾವ ಗೊಂಬೆ ಎಲ್ಲಿ ಎಂಬುದನ್ನು ಕುರ್ಚಿಯಲ್ಲಿ ಕೂತು ಅತ್ತೆ ಹೇಳಲಿ. ಅಟ್ಟ ಹತ್ತಿ ಪೆಟ್ಟಿಗೆ ಇಳಿಸುವುದು, ಕೊನೆಗೆ ಕಟ್ಟಿ ಮೇಲಿಡುವುದು ನಿಮ್ಮ ಯಜಮಾನರ ಪಾಲಿಗೆ. ‘ಬಿಟ್ಟುಬಿಡೋಣ’ ಎನ್ನುವುದು ಸುಲಭ. ಅದನ್ನು ಅವರು ನಿಮ್ಮ ಮೇಲಿನ ಕಾಳಜಿಯಿಂದಲೇ ಹೇಳಿರಬಹುದು, ಆದರೆ ಕಾಳಜಿಗೆ ಕೈಯೂ ಇರಲಿ.

ಕೆಳಗಿನ ಮೆಟ್ಟಿಲು ಮಕ್ಕಳದು. ಅಲ್ಲಿ ‘ಮುಟ್ಟಬೇಡ’ ಎಂಬ ಮಾತೇ ಬೇಡ. ಚನ್ನಪಟ್ಟಣದ ಗೊಂಬೆಗಳನ್ನು ಇಡಿ, ಅವು ಹಾಲೆ ಮರದವು, ಅರಗಿನ ಬಣ್ಣದವು. ಬಿದ್ದರೆ ಎತ್ತಿಟ್ಟರಾಯಿತು. ಒಂದೂವರೆ ವರ್ಷದವನ ಬಾಯಿಗೆ ಹೋಗುವಷ್ಟು ಚಿಕ್ಕದು, ಮಣಿಸರ, ಶೆಟ್ಟಿ ಗೊಂಬೆಯ ಅಂಗಡಿಗೆ ಇಡುವ ಕಾಳು, ಹಳೆಯ ಬಣ್ಣದ ಮಣ್ಣಿನ ಗೊಂಬೆ ಮಾತ್ರ ಅವನ ಕೈಗೆಟುಕದಿರಲಿ. ದೀಪವೂ ಸೀರಿಯಲ್ ಸೆಟ್ಟಿನ ವೈರೂ ಅಷ್ಟೆ. ಮಹಾಲಯ ಅಮಾವಾಸ್ಯೆಗೆ ಕೆಲವು ದಿನ ಮೊದಲು ಮಗಳ ಕೈಯಿಂದ ಒಂದು ತಟ್ಟೆ ಮಣ್ಣಿನಲ್ಲಿ ರಾಗಿ ಬಿತ್ತಿಸಿ, ದಿನವೂ ನೀರು ಚಿಮುಕಿಸುವುದು ಅವಳ ಕೆಲಸವಾಗಲಿ. ಗೊಂಬೆಗಳ ಮುಂದೆ ಅವಳು ಮಾಡುವ ಪಾರ್ಕಿಗೆ ಅದೇ ಹುಲ್ಲು. ಇಷ್ಟಾದ ಮೇಲೂ ಅವಳು ಹತ್ತಿರ ಬರದಿದ್ದರೆ ಎಳೆದು ತರಬೇಡಿ. ಸಂಜೆ ಓಣಿಯ ಮಕ್ಕಳು ‘ಗೊಂಬೆ ಕೂರಿಸಿದ್ದೀರಾ?’ ಎಂದು ಬಂದಾಗ ಉಸ್ಲಿ ಹಂಚಲು ಕರೆಯಿರಿ, ಬರಬಹುದು. ಉಸ್ಲಿ ದಿನವೂ ಮನೆಯಲ್ಲೇ ಆಗಬೇಕೆಂದಿಲ್ಲ. ಬೇಕರಿಯ ಕೊಬ್ಬರಿ ಮಿಠಾಯಿಗೆ ಯಾವ ಮಗುವೂ ಮುಖ ತಿರುಗಿಸಿದ್ದನ್ನು ನಾನು ಕಂಡಿಲ್ಲ.

ಹಬ್ಬ ಮುಗಿದು ಕೆಲವು ವಾರವಾದರೂ ಮಗಳು ರಾತ್ರಿ ಬೆಚ್ಚಿ ಏಳುವುದು, ಹಾಸಿಗೆ ಒದ್ದೆ ಮಾಡುವುದು, ಸ್ಕೂಲಿಗೆ ಹೋಗಲು ಹೆದರುವುದು ಇದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ಅಗತ್ಯವಿದ್ದರೆ ಮಕ್ಕಳ ಮನಃಶಾಸ್ತ್ರಜ್ಞರ ಬಳಿ ಅವರೇ ಕಳಿಸುತ್ತಾರೆ. ನಿಮ್ಮ ನಿದ್ದೆಯೂ ಸಣ್ಣ ವಿಷಯವಲ್ಲ. ಎರಡು ವಾರ ಹೀಗೇ ಮುಂದುವರಿದರೆ, ಅಳು ಬರುತ್ತಿದ್ದರೆ, ಯಾವುದೂ ಬೇಡವೆನ್ನಿಸಿದರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಸರ್ಕಾರದ್ದು, ಉಚಿತ, ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಹಬ್ಬದ ದಿನ ಇಂಥದಕ್ಕೆಲ್ಲ ಕರೆ ಮಾಡುವುದೇ ಎಂದು ಹಿಂಜರಿಯಬೇಡಿ.

ಮೂರೇ ವಾರ ಎಂದಿರಿ, ಸಾಕಷ್ಟಾಯಿತು. ಮಗಳ ಜೊತೆಗಿನ ಮಾತು ಈ ವಾರವೇ ಆಗಲಿ, ಅತ್ತೆಯವರ ಜೊತೆಗಿನದು ಅದರ ಮರುದಿನ. ಮೆಟ್ಟಿಲು ಎಷ್ಟು ಎಂಬ ತೀರ್ಮಾನ ಆಮೇಲೆ ಮಾಡಿ.