ಗಣಕದ ರಸ್ತೆಯ ಮೇಲೆ ಪಂದ್ಯದ ಕಾರು

ಮನೆಯ ಕುರ್ಚಿಯಲ್ಲಿ ಕುಳಿತೇ ಪಂದ್ಯದ ಕಾರನ್ನು ಓಡಿಸಿದ ಅನುಭವವನ್ನು ಕೊಡುವ ಗಣಕ ಸಾಧನಕ್ಕೆ ಸಿಮ್ಯುಲೇಟರ್ ಎಂದು ಹೆಸರು. ಅದರಲ್ಲಿ ಇನ್ನೇನಿರಬೇಕೆಂದು ಅಭಿಮಾನಿಗಳನ್ನು ಕೇಳಿದರೆ ಮೊದಲು ಹೊರಡುವುದು ಕಾರುಗಳ ಉದ್ದನೆಯ ಪಟ್ಟಿ. ಆದರೆ ಟೈರಿನ ಲೆಕ್ಕವು ತಪ್ಪಿದ್ದರೆ ನೂರು ಕಾರುಗಳಿದ್ದರೂ ಅವೆಲ್ಲವೂ ಬಣ್ಣ ಬದಲಿಸಿದ ಒಂದೇ ಕಾರು. ಆದುದರಿಂದ ನಾವು ಟೈರಿನಿಂದಲೇ ಆರಂಭಿಸುತ್ತೇವೆ.

ಸಾಮಾನ್ಯ ಕಾರಿನ ಒಂದೊಂದು ಟೈರೂ ನೆಲವನ್ನು ಮುಟ್ಟುವುದು ಹೆಚ್ಚುಕಡಿಮೆ ಅಂಗೈಯಗಲದಷ್ಟು ಜಾಗದಲ್ಲಿ ಮಾತ್ರ. ತಿರುವಿನಲ್ಲಿ ಆ ರಬ್ಬರು ಅಡ್ಡಕ್ಕೆ ಹಿಗ್ಗುತ್ತದೆ. ಚಕ್ರವು ಮುಖಮಾಡಿದ ದಿಕ್ಕಿಗೂ ಅದು ನಿಜವಾಗಿ ಸಾಗುವ ದಿಕ್ಕಿಗೂ ಸ್ವಲ್ಪ ಅಂತರ ಬೀಳುತ್ತದೆ. ಇದನ್ನು ಜಾರುಕೋನವೆನ್ನೋಣ. ಕೋನವು ಬೆಳೆದಂತೆ ಹಿಡಿತವೂ ಬೆಳೆದು, ಕೆಲವೇ ಅಂಶಗಳಲ್ಲಿ ಶಿಖರವನ್ನು ಮುಟ್ಟಿ, ಆಮೇಲೆ ಇಳಿಯತೊಡಗುತ್ತದೆ. ಪಂದ್ಯದ ಚಾಲಕನು ಬದುಕುವುದು ಆ ಶಿಖರದ ಮೇಲೆಯೇ. ನೆದರ್ಲೆಂಡ್ಸಿನ ಡೆಲ್ಫ್ಟ್ ವಿಶ್ವವಿದ್ಯಾಲಯದ ಹಾನ್ಸ್ ಪಾಚೇಕಾ ಅವರು 1980ರ ದಶಕದಲ್ಲಿ ಈ ವಕ್ರರೇಖೆಯನ್ನು ಒಂದು ಸಮೀಕರಣದಲ್ಲಿ ಹಿಡಿದಿಟ್ಟರು. ಅದಕ್ಕೆ ‘ಮಾಂತ್ರಿಕ ಸೂತ್ರ’ವೆಂಬ ಹೆಸರೇ ನಿಂತುಹೋಗಿದೆ. ಹೆಸರು ತಕ್ಕದ್ದೇ: ಅಳೆದು ತಂದ ಅಂಕಿಗಳಿಗೆ ಅದು ಸೊಗಸಾಗಿ ಹೊಂದಿಕೊಳ್ಳುತ್ತದೆ, ಏಕೆ ಹಾಗಾಗುತ್ತದೆಂಬುದನ್ನು ಮಾತ್ರ ಹೇಳುವುದಿಲ್ಲ. ಕಾದ ರಬ್ಬರು, ಸವೆದ ರಬ್ಬರು, ಒದ್ದೆ ರಸ್ತೆ, ಇವುಗಳ ಲೆಕ್ಕವನ್ನು ಬೇರೆಯಾಗಿ ಕೂಡಿಸಬೇಕು. ನಮ್ಮ ಮೊದಲ ಬೇಡಿಕೆ ಇದೇ.

ಸ್ಟಿಯರಿಂಗ್ ಚಕ್ರದ ವಿಷಯವೂ ಟೈರಿಗೇ ಸೇರಿದ್ದು. ತಿರುಗಿಸಿದ ಚಕ್ರವನ್ನು ನೇರಕ್ಕೆ ಎಳೆಯುವ ಬಲವೊಂದು ಟೈರಿನಲ್ಲಿ ಹುಟ್ಟುತ್ತದೆ. ಹಿಡಿತವು ಶಿಖರವನ್ನು ಮುಟ್ಟುವ ಮುನ್ನವೇ ಈ ಎಳೆತವು ಕುಗ್ಗತೊಡಗಿ ಚಾಲಕನ ಕೈಗೆ ಸ್ಟಿಯರಿಂಗು ಹಗುರವಾಗುತ್ತದೆ. ‘ಇನ್ನು ಮುಂದೆ ಜಾರುವೆ’ ಎಂದು ಕಾರು ಹೇಳುವ ಮಾತು ಅದು. ಬರಿದೇ ಗಡಗಡ ನಡುಗುವ ಸ್ಟಿಯರಿಂಗಿನಲ್ಲಿ ಈ ಮಾತು ಕೇಳಿಸದು.

ಇನ್ನು ಭಾರದ ಓಲಾಟ. 1,000 ಕಿಲೋಗ್ರಾಂ ತೂಕದ ಕಾರಿನ ಭಾರವು ಮುಂದೆ 500, ಹಿಂದೆ 500 ಎಂದು ಸಮವಾಗಿ ಹಂಚಿದೆಯೆನ್ನೋಣ. ಗುರುತ್ವಕೇಂದ್ರದ ಎತ್ತರ ಅರ್ಧ ಮೀಟರು. ಮುಂದಿನ ಚಕ್ರಗಳಿಗೂ ಹಿಂದಿನವಕ್ಕೂ ನಡುವೆ ಎರಡೂವರೆ ಮೀಟರು. ಗುರುತ್ವದ 0.8 ಪಾಲಿನಷ್ಟು ಬಲವಾಗಿ ಬ್ರೇಕು ಹಾಕಿದರೆ, 1,000 × 0.8 × 0.5 ÷ 2.5, ಅಂದರೆ 160 ಕಿಲೋಗ್ರಾಂ ಭಾರವು ಹಿಂದಿನಿಂದ ಮುಂದಕ್ಕೆ ಸರಿಯುತ್ತದೆ. ಈಗ ಮುಂದೆ 660, ಹಿಂದೆ 340. ಹಗುರವಾದ ಹಿಂಬದಿಯು ಆಗ ಸ್ಟಿಯರಿಂಗನ್ನು ತುಸು ತಿರುಗಿಸಿದರೂ ಹೊರಳಲು ಸಿದ್ಧ! ಇದರ ಮೇಲೆ, ಭಾರವು ಇಮ್ಮಡಿಸಿದರೆ ಟೈರಿನ ಹಿಡಿತವು ಇಮ್ಮಡಿಸುವುದಿಲ್ಲ, ಅದಕ್ಕಿಂತ ಕಡಿಮೆಯೇ ಹೆಚ್ಚುತ್ತದೆ. ಆದ್ದರಿಂದ ನಾಲ್ಕು ಚಕ್ರಗಳಿಗೂ ಬೇರೆಬೇರೆಯಾಗಿ ಲೆಕ್ಕವಿಡದೆ ಗತಿಯಿಲ್ಲ.

ಆ ಲೆಕ್ಕವನ್ನು ಎಷ್ಟು ಬಾರಿ ಮಾಡಬೇಕು? ಗಂಟೆಗೆ 216 ಕಿಲೋಮೀಟರು ವೇಗದ ಕಾರು ಸೆಕೆಂಡಿಗೆ 60 ಮೀಟರು ಸಾಗುತ್ತದೆ. ಸೆಕೆಂಡಿಗೆ 60 ಸಲ ಮಾತ್ರ ಲೆಕ್ಕ ಹಾಕಿದರೆ, ಎರಡು ಲೆಕ್ಕಗಳ ನಡುವೆ ಇಡೀ ಒಂದು ಮೀಟರು ರಸ್ತೆ ಕಳೆದುಹೋಗುತ್ತದೆ. ಅದರಲ್ಲಿರುವ ಸಣ್ಣ ಉಬ್ಬು ಕಾರಿಗೆ ತಿಳಿಯುವುದೇ ಇಲ್ಲ. ಸಾವಿರ ಸಲ ಹಾಕಿದರೆ ಅಂತರವು ಆರು ಸೆಂಟಿಮೀಟರಿಗೆ ಇಳಿಯುತ್ತದೆ.

ಈಗ ಕಾರುಗಳಿಗೆ ಬರೋಣ. ನಮ್ಮ ಪಟ್ಟಿ ಚಿಕ್ಕದು. ಮೊದಲನೆಯದು ಲೋಟಸ್ 49. 1967ರ ಜೂನ್ ತಿಂಗಳಲ್ಲಿ ಜಾನ್‌ವೋರ್ಟ್ ಪಥದಲ್ಲಿ ತನ್ನ ಮೊತ್ತಮೊದಲ ಪಂದ್ಯದಲ್ಲಿಯೇ ಜಿಮ್ ಕ್ಲಾರ್ಕರಿಗೆ ಜಯ ತಂದ ಕಾರಿದು. ಸುಮಾರು 400 ಅಶ್ವಶಕ್ತಿಯ ಮೂರು ಲೀಟರಿನ ಎಂಜಿನೇ ಅದರ ಬೆನ್ನೆಲುಬು. ಹಿಂದಿನ ಚಕ್ರಗಳ ಕಟ್ಟು ಎಂಜಿನಿಗೇ ತಗಲಿದೆ. ಆ ವರ್ಷ ಅದಕ್ಕೆ ರೆಕ್ಕೆಗಳಿರಲಿಲ್ಲ, ಗಾಳಿಯ ಒತ್ತಡದ ನೆರವಿಲ್ಲ. ಟೈರಿನ ಸೂತ್ರವು ಸುಳ್ಳಾಗಿದ್ದರೆ ಮರೆಯಾಗಲು ಎಡೆಯೇ ಇಲ್ಲ. 1998ರಲ್ಲಿ ಬಂದ ‘ಗ್ರಾನ್ ಪ್ರೀ ಲೆಜೆಂಡ್ಸ್’ ಎಂಬ ಸಿಮ್ಯುಲೇಟರು ಈ 1967ರ ಕಾರುಗಳನ್ನೇ ಆರಿಸಿಕೊಂಡಿತ್ತು. ಆ ಕಾರುಗಳಲ್ಲಿ ತಪ್ಪಿಗೆ ತೆರುತ್ತಿದ್ದ ಬೆಲೆ ಪ್ರಾಣವೇ ಆಗಿತ್ತೆಂಬುದನ್ನು ಕುರ್ಚಿಯಲ್ಲಿ ಕುಳಿತ ನಾವು ಮರೆಯುವಂತಿಲ್ಲ. ಕ್ಲಾರ್ಕರು 1968ರ ಏಪ್ರಿಲಿನಲ್ಲಿ ಹಾಕೆನ್‌ಹೈಮ್‌ನಲ್ಲಿ, ಬೇರೊಂದು ಲೋಟಸ್ ಕಾರಿನಲ್ಲಿ, ಮಡಿದರು.

ಎರಡನೆಯದನ್ನು ಕೇಳಿ ವಾಚಕರು ನಗಬಹುದು: ನಮ್ಮ ಅಂಬಾಸಡರ್. 2014ರಲ್ಲಿ ತಯಾರಿಕೆ ನಿಂತ ಈ ಕಾರಿನ ಹಿಂಬದಿಯಲ್ಲಿ ಪಟ್ಟಿ ಸ್ಪ್ರಿಂಗುಗಳೂ ಎರಡು ಚಕ್ರಗಳನ್ನು ಬಿಗಿದ ಒಂದೇ ಅಚ್ಚೂ ಇದ್ದವು. ಒಂದು ಚಕ್ರವು ಗುಂಡಿಗೆ ಬಿದ್ದರೆ ಅದರ ಜೊತೆಯದೂ ವಾಲುತ್ತದೆ. ಇದನ್ನು ಸರಿಯಾಗಿ ತೋರಿಸಬಲ್ಲ ಸಿಮ್ಯುಲೇಟರನ್ನು ನಾವು ನಿಶ್ಚಿಂತೆಯಿಂದ ನಂಬಿಯೇವು.

ಕಡೆಯದಾಗಿ ಅಲುಗಾಡುವ ಕುರ್ಚಿ. ಕೋಣೆಯೊಳಗೆ ದೀರ್ಘಕಾಲ ವೇಗೋತ್ಕರ್ಷವನ್ನು ಕೊಡಲು ಸ್ಥಳವಿಲ್ಲ. ಅದಕ್ಕಾಗಿ ಕುರ್ಚಿಯನ್ನು ವಾಲಿಸಿ, ಭೂಮಿಯ ಆಕರ್ಷಣೆಯ ಒಂದು ಪಾಲನ್ನೇ ಬ್ರೇಕಿನ ನೂಕಾಗಿ ತೋರಿಸುತ್ತಾರೆ. 20 ಅಂಶ ವಾಲಿಸಿದರೆ ಸಿಗುವುದು ಗುರುತ್ವದ ಮೂರನೆಯ ಒಂದು ಪಾಲು ಮಾತ್ರ. ಇಂದಿನ ಫಾರ್ಮುಲಾ ಒನ್ ಕಾರು ಬ್ರೇಕು ಹಾಕಿದಾಗ ಚಾಲಕನ ಮೈಮೇಲೆ ಬೀಳುವುದು ಗುರುತ್ವದ ನಾಲ್ಕು ಪಟ್ಟಿಗೂ ಮಿಕ್ಕಿದ ಬಲ.